ಎಂಟರ್ ಒತ್ತಿದರೆ ಕೊನೆಯ ಅಕ್ಷರ ಮತ್ತೊಮ್ಮೆ

ಜುಲೈ 18, ಶುಕ್ರವಾರ, ಶಿವಮೊಗ್ಗ

ಕೊರಿಯನ್ ಬರೆದು ಎಂಟರ್ ಒತ್ತಿದರೆ ಕೊನೆಯ ಅಕ್ಷರ ಎರಡಾಗುತ್ತದೆ ಅಂತ ಅಕ್ಕನ ಮಗಳು ಪುಟ್ಟಿ ದೂರಿನ ಟಿಕೆಟ್ ಹಾಕಿದ್ದಳು. ಅದಕ್ಕೆ ಅವಳ ಆಫೀಸಿನ ಸಪೋರ್ಟ್‌ನವರು ಕಳಿಸಿದ ಉತ್ತರ ಓದಿದಾಗಿನಿಂದ ಹೊಟ್ಟೆ ಉರಿಯುತ್ತಿದೆ. "ನಮ್ಮಲ್ಲಿ ಈ ಸಮಸ್ಯೆ ಕಾಣುತ್ತಿಲ್ಲ. ನೀವು ಕೊಟ್ಟ ಕೊರಿಯನ್ ಪಠ್ಯವನ್ನು ಪೇಸ್ಟ್ ಮಾಡಿ ಪರೀಕ್ಷಿಸಿದ್ದೇವೆ. ದಯವಿಟ್ಟು ಬೇರೆ ಕೀಬೋರ್ಡ್ ಹಾಕಿ ನೋಡಿ." ಅಷ್ಟೇ. ಟಿಕೆಟ್ ಕ್ಲೋಸ್.

ಪೇಸ್ಟ್ ಮಾಡಿದರೆ ಈ ದೋಷ ಯಾವ ಜನ್ಮಕ್ಕೂ ಕಾಣುವುದಿಲ್ಲ. ದೋಷ ಇರುವುದು ಅಕ್ಷರದಲ್ಲಲ್ಲ, ಅಕ್ಷರ ಮೂಡುವ ಆ ಅರೆಕ್ಷಣದಲ್ಲಿ.

ಮಳೆಗಾಲದಲ್ಲಿ ಪುಟ್ಟಿ ವಾರವಿಡೀ ನಮ್ಮನೆಯಲ್ಲೇ ಇರುತ್ತಾಳೆ ಅಂತ ಹಿಂದೆಯೇ ಬರೆದಿದ್ದೆ. ತೀರ್ಥಹಳ್ಳಿ ದಾಟಿದ ಮೇಲೆ ಅವರೂರಿನಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಇಲ್ಲಿ ಅಪ್ಪನ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಾಳೆ. ಕೊರಿಯಾದವರ ಜೊತೆ ನಡೆಯುವ ಮೀಟಿಂಗುಗಳ ಟಿಪ್ಪಣಿ ಬರೆಯುವುದು, ಕೈಪಿಡಿಗಳನ್ನು ಅನುವಾದ ಮಾಡುವುದು. ಪಿಯುಸಿಯಲ್ಲಿ ಸೀರಿಯಲ್ ನೋಡುತ್ತಾ ಕಲಿಯೋಕೆ ಶುರು ಮಾಡಿದ ಭಾಷೆ ಈಗ ಅನ್ನ ಕೊಡುತ್ತಿದೆ. ಅಕ್ಕ ಆಗ ಎಷ್ಟು ಬೈದಿದ್ದಳು!

ಮಧ್ಯಾಹ್ನ ಊಟ ಆದಮೇಲೆ ಕರೆದಳು. "ಚಿಕ್ಕಿ, ಇಲ್ನೋಡು. ನಾ ಏನೂ ಮಾಡ್ಲಿಲ್ಲ, ತನ್ನಷ್ಟಕ್ಕೆ ಬಂತು."

ಬ್ರೌಸರಿನಲ್ಲೇ ತೆರೆಯುವ ದಾಖಲೆ ಅದು. ಮೇಲೆ ತಲೆಬರಹ, 'ಹ್ವೆಯಿ ನೆಯೊಂಗ್', ಅಂದರೆ ಸಭೆಯ ವಿವರ. ಎಂಟರ್ ಒತ್ತಿದಳು. ಕರ್ಸರ್ ಕೆಳಗಿನ ಸಾಲಿಗೆ ಹೋಯಿತು, ಅದರ ಜೊತೆಗೇ 'ಯೊಂಗ್' ಅನ್ನುವ ಕೊನೆಯ ಅಕ್ಷರವೂ ಹೋಗಿ ಕೂತಿತು. ಮೇಲಿನ ಸಾಲಿನಲ್ಲೂ ಇದೆ, ಕೆಳಗೂ ಇದೆ. ಅಳಿಸಿದಳು, ಮತ್ತೆ ಬರೆದಳು, ಮತ್ತೆ ಬಂತು.

"ಎಲ್ಲಾ ಕಡೆ ಹಿಂಗೇ ಆಗ್ತದಾ?"

"ಇಲ್ಲ. ಪ್ಯಾರಾ ಬರೆಯುವಾಗ ಏನೂ ಆಗಲ್ಲ. ತಲೆಬರಹ, ಪಾಯಿಂಟ್ಸ್, ಇಂಥದ್ರಲ್ಲಿ ಮಾತ್ರ. ಅದಕ್ಕೇ ಯಾರೂ ನಂಬ್ತಿಲ್ಲ."

ಆ ಮಾತು ಕೇಳಿದ್ದೇ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತೆ. ಪ್ಯಾರಾದ ಕೊನೆಗೆ ಏನಿರುತ್ತದೆ? ಪೂರ್ಣವಿರಾಮ. ತಲೆಬರಹದ ಕೊನೆಗೆ ಏನೂ ಇರುವುದಿಲ್ಲ. ಅಲ್ಲೇ ಇದೆ ಗುಟ್ಟು ಅನ್ನಿಸಿತು. ಪುಟ್ಟಿಗೆ ಹೇಳಿದೆ, ತಲೆಬರಹದ ಕೊನೆಗೆ ಒಂದು ಚುಕ್ಕಿ ಇಟ್ಟು ಎಂಟರ್ ಒತ್ತು ಅಂತ. ಒತ್ತಿದಳು. ಬರಲಿಲ್ಲ. ಚುಕ್ಕಿ ತೆಗೆದು ಕೊನೆಯ ಅಕ್ಷರ ಮತ್ತೆ ಬರೆದು ಒತ್ತಿದಳು. ಬಂತು.

ಕೊರಿಯನ್ ಟೈಪಿಂಗ್ ಹತ್ತಿರದಿಂದ ನೋಡಿದ್ದು ಇವತ್ತೇ. ಪುಟ್ಟಿ ನಿಧಾನವಾಗಿ ಒತ್ತಿ ತೋರಿಸಿದಳು. ಇಂಗ್ಲಿಷಿನ ಜಿ ಇರುವ ಕೀಲಿ ಒತ್ತಿದರೆ 'ಹ್', ಕೆಳಗೆ ಒಂದು ಗೆರೆ. ಕೆ ಒತ್ತಿದರೆ ಅದೇ ಜಾಗದಲ್ಲಿ 'ಹ'. ಎಸ್ ಒತ್ತಿದರೆ ಅದೇ ಜಾಗದಲ್ಲಿ 'ಹನ್'. ಮೂರು ಕೀಲಿಗೆ ಪರದೆಯ ಮೇಲೆ ಒಂದೇ ಚೌಕ, ಪ್ರತಿ ಸಲವೂ ಹಳೆಯದು ಹೋಗಿ ಹೊಸದು ಬರುತ್ತದೆ. ಆಮೇಲೆ ಮತ್ತೊಮ್ಮೆ ಕೆ ಒತ್ತಿದಳು ನೋಡಿ, ನಾನು ಕಣ್ಣು ಬಿಟ್ಟುಕೊಂಡು ಕೂತೆ. 'ಹನ್' ಬಿಡಿಸಿಕೊಂಡು 'ಹ' ಆಯಿತು, ಅದರ 'ನ್' ಈಚೆ ಬಂದು ಹೊಸ ಸ್ವರದ ಜೊತೆ ಸೇರಿ 'ನ' ಆಯಿತು. ಹನ, ಅಂದರೆ ಒಂದು. ಮುಗಿಯಿತು ಅಂದುಕೊಂಡ ಅಕ್ಷರ ಮುಗಿದಿರಲೇ ಇಲ್ಲ.

ನಮ್ಮ ಕನ್ನಡದಲ್ಲಿ 'ಅಕ್ಕ' ಅಂತ ಬರೆದರೆ ಒಳಗೆ ಅ, ಕ, ಸ್ವರ ತೆಗೆಯುವ ವಿರಾಮ (್), ಕ ಅಂತ ನಾಲ್ಕು ಯೂನಿಕೋಡ್ ಸಂಕೇತಗಳು ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತವೆ. ಒತ್ತಕ್ಷರ ಮೂಡಿಸುವುದು ಫಾಂಟಿನ ಕೆಲಸ. ಕೊರಿಯನ್ನಿನಲ್ಲಿ ಇಡೀ ಅಕ್ಷರಕ್ಕೇ ಒಂದು ಸಂಕೇತ. ಮೊದಲ ವ್ಯಂಜನ 19, ಸ್ವರ 21, ಕೊನೆಗೆ 27 ಬಗೆ ಅಥವಾ ಏನೂ ಇಲ್ಲದಿರುವುದು, ಅಂದರೆ 28, ಗುಣಿಸಿದರೆ 11,172. ಇಷ್ಟೂ ಅಕ್ಷರಗಳಿಗೆ ಯೂನಿಕೋಡ್ ಜಾಗ ಕೊಟ್ಟಿದೆ. ಕೀಬೋರ್ಡಿನಲ್ಲಿ ಅಷ್ಟು ಕೀಲಿ ಇಡೋಕಾಗುತ್ತದಾ? ಅದಕ್ಕೇ ಕೀಬೋರ್ಡಿಗೂ ಪುಟಕ್ಕೂ ನಡುವೆ ಐಎಂಇ ಅನ್ನುವ ಪುಟ್ಟ ತಂತ್ರಾಂಶ ಕೂತು, ಬಿಡಿ ಅಕ್ಷರಗಳನ್ನು ಕೂಡಿಸಿ, ಮುಗಿದ ಮೇಲೆ ಪುಟಕ್ಕೆ ಒಪ್ಪಿಸುತ್ತದೆ. ಚುಕ್ಕಿ ಅಥವಾ ಸ್ಪೇಸ್ ಒತ್ತಿದರೆ ಅಕ್ಷರ ಮುಗಿಯಿತು ಅಂತ ಅದಕ್ಕೆ ಗೊತ್ತಾಗುತ್ತದೆ. ನೇರವಾಗಿ ಎಂಟರ್ ಒತ್ತಿದರೆ ಒಪ್ಪಿಸುವ ಕೆಲಸ ಇನ್ನೂ ಬಾಕಿ ಇರುತ್ತದೆ.

ಎಂಟರ್ ಒತ್ತಿದ ತಕ್ಷಣ ಏನೇನು ನಡೆಯುತ್ತದೆ ಅಂತ ನೋಡಲು ಅವಳ ಮ್ಯಾಕ್‌ನಲ್ಲಿ ಕ್ರೋಮಿನ ಕನ್ಸೋಲ್ (ಪುಟದ ಒಳಗೆ ನಡೆಯುವುದನ್ನು ನೋಡುವ ಕಿಟಕಿ) ತೆರೆದು ನಾಲ್ಕು ಸಾಲು ಬರೆದು ಕೊಟ್ಟೆ. ಪ್ರತಿ ಘಟನೆಯೂ ಒಂದೊಂದು ಸಾಲಾಗಿ ಬೀಳತೊಡಗಿತು. ಮೊದಲು ಒಂದು ಕೀಡೌನ್, ಅಂದರೆ ಕೀಲಿ ಒತ್ತಿದ ಸುದ್ದಿ, ಅದರ ಕೀಕೋಡ್ 229, ಈಸ್‌ಕಾಂಪೋಸಿಂಗ್ ಟ್ರೂ, ಅಂದರೆ ಅಕ್ಷರ ಇನ್ನೂ ಕೂಡುತ್ತಿದೆ. 229 ಅಂದರೆ ಈ ಕೀಲಿಯನ್ನು ಐಎಂಇ ನೋಡಿಕೊಳ್ಳುತ್ತಿದೆ ಅಂತ. ಆಮೇಲೆ ಕಾಂಪೊಸಿಷನ್‌ಎಂಡ್, ಅಕ್ಷರ ಕೂಡಿಸಿ ಮುಗಿಯಿತು ಅಂತ. ಆಮೇಲೆ ಅದೇ ಎಂಟರಿಗೆ ಇನ್ನೊಂದು ಕೀಡೌನ್, ಈ ಸಲ ಮಾಮೂಲಿ ಎಂಟರಿನ ಸಂಖ್ಯೆ 13, ಈಸ್‌ಕಾಂಪೋಸಿಂಗ್ ಫಾಲ್ಸ್. ಮೊದಲನೆಯ ಕೀಡೌನಿಗೆ ಸುಮ್ಮನಿದ್ದು ಎರಡನೆಯದಕ್ಕೆ ಸಾಲು ಮುರಿಯಬೇಕಿತ್ತು. ದಾಖಲೆ ಬರೆಯುವ ಈ ಎಡಿಟರ್ ಮೊದಲನೆಯದಕ್ಕೇ ಸಾಲು ಮುರಿದು ಕರ್ಸರನ್ನು ಕೆಳಗೆ ಒಯ್ಯುತ್ತದೆ. ಐಎಂಇ ತನ್ನ ಕೈಯಲ್ಲಿದ್ದ ಅಕ್ಷರವನ್ನು ಆಗ ಕರ್ಸರ್ ಇರುವಲ್ಲಿ ಒಪ್ಪಿಸುತ್ತದೆ. ಬಡಿಸುವವರು ಸೌಟು ಬಗ್ಗಿಸುವ ಹೊತ್ತಿಗೆ ಎಲೆ ಎಳೆದು ಇನ್ನೊಂದು ಎಲೆ ಹಾಕಿದ ಹಾಗೆ. ಬಡಿಸುವವರದೇನು ತಪ್ಪು?

ಖಾಸಗಿ ವಿಂಡೋದಲ್ಲಿ ಎಕ್ಸ್‌ಟೆನ್ಶನ್ ಯಾವುದೂ ಇಲ್ಲದೆ ನೋಡಿದೆವು, ಅಲ್ಲೂ ಹೀಗೇ. ಬರೀ ಟೆಕ್ಸ್ಟ್ ಬಾಕ್ಸ್ ಇರುವ ಖಾಲಿ ಪುಟ ಮಾಡಿ ಬರೆಸಿದೆ, ಅಲ್ಲಿ ಒಂದೂ ಅಕ್ಷರ ಎರಡಾಗಲಿಲ್ಲ. ಕೀಬೋರ್ಡ್ ಚೆನ್ನಾಗಿಯೇ ಇದೆ.

ಪುಟ್ಟಿಗೆ ಅಷ್ಟೇ ಸಾಕಾಯಿತು. "ಬಿಡು ಚಿಕ್ಕಿ. ಎಂಟರ್ ಮುಂಚೆ ಬಲಬಾಣ ಒತ್ತಿದ್ರೆ ಆತಲ್ಲ. ಅಭ್ಯಾಸ ಮಾಡ್ಕೊಳ್ತೀನಿ. ಮತ್ತೆ ಅವ್ರ ಹತ್ರ ಜಗಳ ಬ್ಯಾಡ."

"ಎಂತಕ್ಕೆ ಅಭ್ಯಾಸ ಮಾಡ್ಕಳ್ಳೋದು ಮಾರಾಯ್ತಿ? ನೀನೇನು ತಪ್ಪು ಮಾಡಿದ್ದಿ?"

ಸ್ವಲ್ಪ ಜೋರಾಗಿಯೇ ಅಂದೆ. ಅವಳು ಸುಮ್ಮನಾದಳು.

ಅಪ್ಪನ ಕೋಣೆಯಲ್ಲಿ ಕೂತಿದ್ದಕ್ಕೋ ಏನೋ. ಅಪ್ಪ ರಿಟೈರ್ ಆದಮೇಲೆ ಇದೇ ಮೇಜಿನ ಮೇಲೆ 'ನುಡಿ' ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿತರು. ಕೆ. ಪಿ. ರಾವ್ ಅವರ ಕೀಲಿ ವಿನ್ಯಾಸದ ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡು, ಎಫ್ ಒತ್ತಿದರೆ ಒತ್ತಕ್ಷರ, ಎಫ್ ಒತ್ತಿದರೆ ಒತ್ತಕ್ಷರ ಅಂತ ಮಗ್ಗಿಯ ಹಾಗೆ ಹೇಳಿಕೊಳ್ಳುತ್ತಾ. ಬರೆದ ಲೇಖನವನ್ನು ಯಾರಿಗಾದರೂ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿ ಹೋಗಿ ತೆರೆದುಕೊಳ್ಳುತ್ತಿತ್ತು. ಅಪ್ಪ ಜಗಳ ಮಾಡುವವರಲ್ಲ. ಪ್ರಿಂಟ್ ತೆಗೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮಳೆಯಲ್ಲಿ ಕೊಡೆ ಹಿಡಿದು ಹೋಗಿ ಕೊಟ್ಟು ಬರುತ್ತಿದ್ದರು. 'ನಮ್ಮ ಭಾಷೆದು ಹಂಗೇ, ಸ್ವಲ್ಪ ತೊಂದರೆ' ಅಂತ ತಾವೇ ಸಮಾಧಾನ ಹೇಳಿಕೊಂಡಿದ್ದರು. ಭಾಷೆಯದಲ್ಲ ಅಪ್ಪ, ಭಾಷೆಯದಲ್ಲ ಅಂತ ಆಗ ಹೇಳುವಷ್ಟು ನನಗೆ ಗೊತ್ತಿರಲಿಲ್ಲ.

ಒಂದು ಕೀಲಿಗೆ ಒಂದು ಅಕ್ಷರ ಅನ್ನುವುದು ಇಂಗ್ಲಿಷಿನ ಅನುಕೂಲ. ಜಗತ್ತಿನ ನಿಯಮವೇನಲ್ಲ. ಅದನ್ನು ನಂಬಿ ಸಾಫ್ಟ್‌ವೇರ್ ಕಟ್ಟಿ, ಅದು ಕೆಟ್ಟಾಗ ಬರೆಯುವವಳ ಕೈಯನ್ನೇ ಅನುಮಾನಿಸುವುದು ನನಗೆ ಸಹಿಸಲಾಗದು. ಕೊರಿಯದ ಸೇಜೊಂಗ್ ರಾಜ ಈ ಲಿಪಿಯನ್ನು 1446ರಲ್ಲಿ ಸಾರಿದ್ದೇ ಚೀನೀ ಲಿಪಿ ಕಲಿಯಲಾಗದ ಸಾಮಾನ್ಯರು ಸುಲಭವಾಗಿ ಬರೆಯಲಿ ಅಂತ. ಪುಟ್ಟಿ ಹೇಳಿದ್ದು ಇದು, ಹೇಳುವಾಗ ಅವಳ ಮುಖ ಅರಳಿತ್ತು.

ಸಂಜೆ ಅಕ್ಕನ ಫೋನು. ಅಡಿಕೆಗೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯಬೇಕು, ಮಳೆ ಹೊಳವು ಕೊಡುತ್ತಿಲ್ಲ, ಮೈಲುತುತ್ತ ಸುಣ್ಣ ಎರಡೂ ತಂದಿಟ್ಟಿದ್ದಾಗಿದೆ, ಕೊನೆಗಾರ ಬೇರೆ ಕಡೆ ಒಪ್ಪಿಕೊಂಡರೆ ಗತಿ ಏನು ಅಂತ. ಕಳೆದ ಸಲ ಕೊಳೆ ರೋಗಕ್ಕೆ ಉದುರಿದ ಕಾಯಿ ನೆನೆದರೆ ನನಗೂ ಎದೆ ಧಸಕ್ ಅಂತು. ಭಾವ ಮಾತಾಡಲೇ ಇಲ್ಲವಂತೆ ಇವತ್ತು. ಪುಟ್ಟಿ ಕೇಳುತ್ತಾ ಉಗುರು ಕಚ್ಚುತ್ತಿದ್ದಳು. ಮನೆಗೆ ದುಡ್ಡು ಕಳಿಸುವವಳು ಈಗ ಅವಳೇ. ಈ ಕೆಲಸದಲ್ಲಿ ಯಾರ ಜೊತೆಗೂ ನಿಷ್ಠುರ ಬೇಡ ಅಂತ ಯಾಕೆ ಅಂದಳು ಅನ್ನುವುದು ಆಗ ಹೊಳೆಯಿತು. ಪಾಪ.

ರಾತ್ರಿ ಇಬ್ಬರೂ ಸೇರಿ ಹೊಸ ಟಿಕೆಟ್ ಬರೆದೆವು. ಸಿಟ್ಟಿನ ಮಾತು ಒಂದೂ ಇಲ್ಲ. ಕೊರಿಯನ್ ಎರಡು-ಸೆಟ್ ಕೀಬೋರ್ಡ್ ಆನ್ ಮಾಡಿ, ಜಿ, ಕೆ, ಎಸ್ ಒತ್ತಿ, ಬೇರೇನೂ ಒತ್ತದೆ ಎಂಟರ್ ಒತ್ತಿ ಅಂತ ಬರೆದೆವು. ಕೊರಿಯನ್ ಬಾರದವರೂ ಮಾಡಬಹುದು. ಘಟನೆಗಳ ಸಾಲು, ವಿಡಿಯೊ, ಖಾಲಿ ಪುಟದ ಫಲಿತಾಂಶ ಎಲ್ಲ ಸೇರಿಸಿದೆವು. ಪೇಸ್ಟ್ ಮಾಡಿದರೆ ಕಾಣುವುದಿಲ್ಲ, ಕೈಯಲ್ಲೇ ಒತ್ತಬೇಕು ಅನ್ನುವುದನ್ನು ದಪ್ಪಕ್ಷರದಲ್ಲಿ ಹಾಕಿಸಿದೆ. ಸರಿಪಡಿಸುವವರಿಗೆ ಒಂದು ಸೂಚನೆಯನ್ನೂ ಸೇರಿಸಿದೆ: ಈಸ್‌ಕಾಂಪೋಸಿಂಗ್ ಒಂದನ್ನೇ ನೆಚ್ಚಬೇಡಿ, 229 ಕೂಡ ನೋಡಿ, ಸಫಾರಿಯಲ್ಲಿ ಜಪಾನಿ ಬರೆಯುವಾಗ ಕಾಂಪೊಸಿಷನ್‌ಎಂಡ್ ಮೊದಲೇ ಬಂದು ಕೀಡೌನ್ ಆಮೇಲೆ ಬರುತ್ತದೆ ಅಂತ. ಜಪಾನಿ ಬರೆಯುವ ಇನ್ಯಾರಿಗೋ ಉಪಯೋಗಕ್ಕೆ ಬರಲಿ.

ಕಳಿಸಿ ಮಲಗುವ ಅಂತ ಎದ್ದರೆ ಪುಟ್ಟಿ ಮೆಲ್ಲಗೆ ಇನ್ನೊಂದು ಹೇಳಿದಳು. ಒಮ್ಮೊಮ್ಮೆ ಎಂಟರ್ ಒತ್ತದೆಯೂ, ಸಾಲಿನ ನಡುವೆಯೇ ಅರ್ಧ ಅಕ್ಷರ ಎರಡು ಸಲ ಬೀಳುತ್ತದಂತೆ. ಯಾವಾಗ ಅಂದೆ. ಮೀಟಿಂಗ್ ನಡೆಯುವಾಗ ಅಂದಳು. ಅಂದರೆ ದಾಖಲೆಯಲ್ಲಿ ಬೇರೆಯವರೂ ಬರೆಯುತ್ತಿರುವಾಗ. ಹಾಗಾದರೆ ಇದು ಬೇರೆಯೇ. ಇವಳ ಅಕ್ಷರ ಇನ್ನೂ ಐಎಂಇ ಕೈಯಲ್ಲಿರುವಾಗ ಅವರ ಬದಲಾವಣೆ ಸರ್ವರಿನಿಂದ ಬಂದು ಎಡಿಟರ್ ಆ ಪ್ಯಾರಾವನ್ನೇ ಹೊಸದಾಗಿ ಬರೆದುಬಿಟ್ಟರೆ, ಐಎಂಇ ಹಿಡಿದುಕೊಂಡ ಜಾಗವೇ ಇಲ್ಲವಾಗುತ್ತದೆ. ಸೋಮವಾರ ಅವಳ ಆಫೀಸಿನ ಗೆಳತಿಯನ್ನು ಅದೇ ದಾಖಲೆಗೆ ಕರೆದು, ಇವಳು ಜಿ ಮತ್ತು ಕೆ ಒತ್ತಿ ನಿಲ್ಲಿಸಿದ ಹೊತ್ತಿಗೆ ಸರಿಯಾಗಿ ಅವಳು ಅದೇ ಪ್ಯಾರಾದಲ್ಲಿ ಏನಾದರೂ ಬದಲಿಸಿದರೆ, ಆಗ ಕಾಂಪೊಸಿಷನ್‌ಎಂಡ್ ಬರುತ್ತದಾ ಇಲ್ಲವಾ ಅಂತ ನೋಡಬೇಕು.