ಕೋಟಿ ಎಣಿಸುವವರಿಗೆ ಯೂನಿಯನ್ ಯಾಕೆ?

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಸಿಕ್ಕವರು ಮೊದಲು ಹೊಸ ಸಿನಿಮಾ ಯಾವುದೆಂದು ಕೇಳುತ್ತಾರೆ. ಆಮೇಲಿನ ಪ್ರಶ್ನೆ ಸಿನಿಮಾ ನಟರ ಸಂಘದ್ದು: "ಕೋಟಿ ಎಣಿಸುವವರಿಗೆ ಯೂನಿಯನ್ ಯಾಕೆ ಮಾರಾಯರೇ?" ಮಲಯಾಳ ಚಿತ್ರಗಳಲ್ಲಿ ನಾಲ್ಕಾರು ಸಲ ಮುಖ ತೋರಿಸಿದ ತಪ್ಪಿಗೆ ನಾನು ಉತ್ತರಿಸಬೇಕು. ನನಗೆ ಸಿಗುವುದು ಹೆಚ್ಚಾಗಿ ಕನ್ನಡ ಮಾತನಾಡುವ ಅರ್ಚಕನ ಪಾತ್ರ; ಒಮ್ಮೆ ಅಡಿಕೆ ವ್ಯಾಪಾರಿಯಾಗಿ ಬಡ್ತಿ ಸಿಕ್ಕಿತ್ತು. ಕೋಟಿಯನ್ನು ನಾನು ಪರದೆಯ ಮೇಲೂ ಎಣಿಸಿದವನಲ್ಲ.

ನಮ್ಮೂರಿನಲ್ಲಿ ಯೂನಿಯನ್ ಎಂದರೆ ಬೀಡಿ ಕಟ್ಟುವವರು ನೆನಪಾಗುತ್ತಾರೆ. ನನ್ನ ಅಮ್ಮನೂ ಬೀಡಿ ಕಟ್ಟಿದವಳು. ಸಾವಿರ ಬೀಡಿಗೆ ಇಷ್ಟು ಎಂದು ಲೆಕ್ಕ. ಕೆಟ್ಟದ್ದೆಂದು ಗುತ್ತಿಗೆದಾರ ತೆಗೆದಿಟ್ಟ ಬೀಡಿಗೆ ಮಜೂರಿ ಇರಲಿಲ್ಲ, ಬೀಡಿಯೂ ಮರಳಿ ಸಿಗುತ್ತಿರಲಿಲ್ಲ. ಒಬ್ಬಳೇ ಜಗಳವಾಡಿದರೆ ಮರುದಿನ ಎಲೆ ಹೊಗೆಸೊಪ್ಪೇ ಇಲ್ಲ. ಸಂಘ ಯಾಕೆ ಬೇಕು ಎಂದು ಅವಳನ್ನು ಯಾರೂ ಕೇಳಲಿಲ್ಲ.

ನಟರ ಕಥೆಯೂ ಮಜೂರಿಯಿಂದಲೇ ಶುರುವಾದದ್ದು. 1933ರ ಮಾರ್ಚ್‌ನಲ್ಲಿ ಆರ್ಥಿಕ ಕುಸಿತದ ಕಾರಣ ಹೇಳಿ ಹಾಲಿವುಡ್‌ನ ಸ್ಟುಡಿಯೋಗಳು ಸಂಬಳವನ್ನು ಕೆಲವು ವಾರ ಅರ್ಧಕ್ಕೆ ಇಳಿಸಿದವು. ದುಡಿಮೆಗೆ ಹೊತ್ತುಗೊತ್ತಂತೂ ಮೊದಲೇ ಇರಲಿಲ್ಲ. ಆ ವರ್ಷವೇ ಅಲ್ಲಿನ ನಟರ ಸಂಘ, ಸ್ಕ್ರೀನ್ ಆ್ಯಕ್ಟರ್ಸ್ ಗಿಲ್ಡ್, ಹುಟ್ಟಿತು. ಸ್ಟುಡಿಯೋಗಳು ಮಣಿದದ್ದು 1937ರಲ್ಲಿ, ಮುಷ್ಕರ ಬಾಗಿಲಿಗೆ ಬಂದು ನಿಂತ ಮೇಲೆ. ದಿನಕ್ಕೆ ನಟನಿಗೆ ಕನಿಷ್ಠ 25 ಡಾಲರ್, ಗುಂಪಿನಲ್ಲಿ ನಿಲ್ಲುವವನಿಗೆ ಐದೂವರೆ ಡಾಲರ್ ಎಂದಾಯಿತು. ತಾರೆಯರಿಗೆ ಈ ಹಣ ಯಾವ ಲೆಕ್ಕ? ಆದರೆ ಅವರು ಜೊತೆಗೆ ನಿಂತಿದ್ದರಿಂದಲೇ ಸ್ಟುಡಿಯೋ ಹೆದರಿತು. ಗುಂಪಿನವನ ಜಾಗಕ್ಕೆ ಇನ್ನೊಬ್ಬನನ್ನು ತರಬಹುದು. ಅರ್ಧ ಚಿತ್ರ ಮುಗಿದ ಮೇಲೆ ನಾಯಕಿಯನ್ನು ಬದಲಿಸಲಾಗದು. ಕೋಟಿ ಎಣಿಸುವವರು ಸಂಘಕ್ಕೆ ಬೇಕಾಗುವುದು ಇದಕ್ಕೇ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಅಮ್ಮ ಕಟ್ಟಿದ ಬೀಡಿಯನ್ನು ಒಮ್ಮೆ ಸೇದಿದರೆ ಬೂದಿ. ಮೇಳದ ವೇಷಧಾರಿ ನಿನ್ನೆಯ ಭೀಮನನ್ನು ಇಂದು ಮತ್ತೆ ಕುಣಿದರೆ ಇಂದಿನ ಸಂಬಳವೂ ಅವನದೇ. ಸಿನಿಮಾ ನಟ ಮಾತ್ರ ಒಂದು ದಿನ ದುಡಿದು ನೂರು ವರ್ಷ ಬಳಕೆಯಾಗುತ್ತಾನೆ. ಬೆಂಗಳೂರಿನ ಬಸ್ಸಿನ ಟಿವಿಯಲ್ಲಿ ಒಮ್ಮೆ ನನ್ನದೇ ಅರ್ಚಕ ಆರತಿ ಎತ್ತುತ್ತಿದ್ದ. ಪಕ್ಕದವರು ಗುರುತು ಹಿಡಿದು, "ಹೀಗೆ ಹಾಕಿದಾಗೆಲ್ಲ ನಿಮಗೆ ಎಷ್ಟು ಬರುತ್ತದೆ?" ಎಂದರು. ಟಿಕೆಟಿನ ದುಡ್ಡು ಕೊಟ್ಟು ಕೂತಿದ್ದವನು ನಾನು.

ಅಮೆರಿಕದ ನಟರು 1960ರಲ್ಲಿ ಇದೇ ಪ್ರಶ್ನೆ ಹಿಡಿದು ಮುಷ್ಕರ ಹೂಡಿದರು. ಸಿನಿಮಾ ಟಿವಿಯಲ್ಲಿ ಮತ್ತೆ ಬಂದರೆ ನಟನಿಗೆ ಪಾಲು ಸಿಗುವಂತಾಯಿತು, ಆರೋಗ್ಯ ಮತ್ತು ಪಿಂಚಣಿ ನಿಧಿಯೂ ಆಯಿತು. ಗಿಲ್ಡಿನ ಆಗಿನ ಅಧ್ಯಕ್ಷರು ರೊನಾಲ್ಡ್ ರೇಗನ್. ಮುಂದೆ ದೇಶದ ಅಧ್ಯಕ್ಷರಾಗಿ ವಿಮಾನ ನಿಯಂತ್ರಕರ ಮುಷ್ಕರ ಮುರಿದವರೂ ಅವರೇ! 2023ರಲ್ಲಿ ಮತ್ತೆ 118 ದಿನ ಮುಷ್ಕರ. ಈ ಸಲ ಕೃತಕ ಬುದ್ಧಿಮತ್ತೆಯಿಂದ ನಟನ ಪ್ರತಿರೂಪ ಮಾಡಬೇಕಾದರೆ ಅವನ ಒಪ್ಪಿಗೆ ಬೇಕು, ಹಣವೂ ಕೊಡಬೇಕು ಎಂಬುದು ಮುಖ್ಯ ಬೇಡಿಕೆಗಳಲ್ಲೊಂದು.

ನಮ್ಮ ಕಡೆಗೆ ಬಂದರೆ, ಚೆನ್ನೈಯ ನಡಿಗರ್ ಸಂಘ 1952ರದು. ಮಲಯಾಳದ್ದು 1994ರಲ್ಲಿ ಹುಟ್ಟಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ 'ಅಮ್ಮ' ಆಗುತ್ತದೆ, ನನ್ನ ಮನೆಯಲ್ಲಿ ಇದು ಆಗಾಗ ಗೊಂದಲಕ್ಕೆ ಕಾರಣ. ಅದು ಸೊಸೈಟಿಯಾಗಿ ನೋಂದಾಯಿಸಿದ ಸಂಸ್ಥೆ, ಟ್ರೇಡ್ ಯೂನಿಯನ್ ಅಲ್ಲ. ವಯಸ್ಸಾದ ಕಲಾವಿದರಿಗೆ 'ಕೈನೀಟ್ಟಂ' ಎಂಬ ಹೆಸರಿನಲ್ಲಿ ತಿಂಗಳ ಸಹಾಯಧನ ಕೊಡುತ್ತದೆ. ಒಳ್ಳೆಯದೇ. ಆದರೆ ನಿರ್ದೇಶಕ ವಿನಯನ್ ಅವರೊಡನೆ ಯಾರೂ ಕೆಲಸ ಮಾಡದಂತೆ ತಡೆದ ಪ್ರಕರಣದಲ್ಲಿ ಮಾರುಕಟ್ಟೆಯ ಪೈಪೋಟಿಯನ್ನು ಕಾಯುವ ಭಾರತೀಯ ಸ್ಪರ್ಧಾ ಆಯೋಗ 2017ರಲ್ಲಿ ಅದಕ್ಕೆ ದಂಡ ಹಾಕಿತು. ಮಲಯಾಳ ಚಿತ್ರರಂಗದಲ್ಲಿ ಹೆಂಗಸರ ಸ್ಥಿತಿಗತಿ ನೋಡಿದ ನ್ಯಾಯಮೂರ್ತಿ ಹೇಮಾ ಸಮಿತಿ 2019ರಲ್ಲಿ ಸಲ್ಲಿಸಿದ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದಾಗ, ಲೈಂಗಿಕ ಕಿರುಕುಳದ ಜೊತೆಗೆ ಸೆಟ್ಟಿನಲ್ಲಿ ಹೆಂಗಸರಿಗೆ ಶೌಚಾಲಯ, ಬಟ್ಟೆ ಬದಲಿಸುವ ಜಾಗವೂ ಇಲ್ಲವೆಂಬುದು ಬಯಲಾಯಿತು. ಸಂಘವೊಂದು ಮೊದಲ ದಿನವೇ ಕೇಳಬೇಕಾದ ಸಂಗತಿಗಳು ಇವು. ಬೆನ್ನಿಗೇ ಆರೋಪಗಳು ಎದ್ದು, 'ಅಮ್ಮ'ದ ಕಾರ್ಯಕಾರಿ ಸಮಿತಿ ಸಾರಾಸಗಟಾಗಿ ರಾಜೀನಾಮೆ ಕೊಟ್ಟಿತು. 2025ರಲ್ಲಿ ಶ್ವೇತಾ ಮೆನನ್ ಮೊದಲ ಅಧ್ಯಕ್ಷೆಯಾದರು.

ಇದನ್ನೆಲ್ಲ ನನ್ನ ಅಮ್ಮನಿಗೆ ಹೇಳುತ್ತಾ, ದೊಡ್ಡ ನಟರಲ್ಲಿ ಹಲವರು ಈಗ ನಿರ್ಮಾಪಕರೂ ಹೌದು ಎಂದೆ.

"ಹಾಗಾದರೆ ಧಣಿಯೂ ಸಂಘದ ಒಳಗೇ ಇದ್ದಾನೆಯೇ?" ಎಂದು ಕೇಳಿದಳು.

ಹೌದೆಂದೆ. ಅವಳು ಇನ್ನೇನೂ ಕೇಳಲಿಲ್ಲ.