ಡ್ಯಾಕ್ಸ್ ಯಾರ ಹೆಂಡತಿ? ಒಂದು ಮರ್ಜ್ ಬಟನ್ ತಂದ ಪಜೀತಿ

ನಮ್ಮ ಟೂಲ್‌ನಲ್ಲಿ 'ರಿಲೇಷನ್' ಅಂತ ಒಂದು ಫೀಲ್ಡ್ ಇದೆ. ಅದನ್ನು ಮಾಡಿದವರು ಯಾವತ್ತೂ ಒಂದು ಸೈನ್ಸ್ ಫಿಕ್ಷನ್ ಸೀರೀಸ್ ಪೂರ್ತಿ ನೋಡಿಲ್ಲ ಅಂತ ಬೇಕಾದರೆ ಬರೆದುಕೊಡುತ್ತೇನೆ. ಡ್ರಾಪ್‌ಡೌನ್‌ನಲ್ಲಿ ಗಂಡ, ಹೆಂಡತಿ, ಅಪ್ಪ, ಮಗಳು, ಬಾಸ್, ಶತ್ರು. ಅಷ್ಟೇ. ಮಾಮೂಲಿ ಸಂಸಾರಕ್ಕೆ ಇದು ಹೆಂಗೋ ಸಾಕಾಗುತ್ತದೆ. ಹೊಟ್ಟೆಯೊಳಗೆ ಮುನ್ನೂರು ವರ್ಷದ ಇನ್ನೊಂದು ಜೀವ ಇಟ್ಟುಕೊಂಡು ಓಡಾಡುವವರಿಗೆ ಸಾಕಾಗಲ್ಲ.

ನಾನಿರುವುದು ಮೆಟಾಡೇಟಾ ಟೀಮ್‌ನಲ್ಲಿ. ಹಳೇ ಸೀರೀಸ್‌ಗಳು ಬ್ಯಾಚ್ ಬ್ಯಾಚಾಗಿ ಬರುತ್ತವೆ. ಸಿನಾಪ್ಸಿಸ್ ಬರೆಯೋದು, ಕಾಸ್ಟ್ ಟ್ಯಾಗ್ ಹಾಕೋದು, ಕ್ಯೂಸಿಗೆ, ಅಂದರೆ ತಪ್ಪು ಹುಡುಕುವವರ ಕಡೆಗೆ ತಳ್ಳೋದು. ಎಸ್‌ಎಲ್‌ಎ ಒಳಗೆ, ಅಂದರೆ ಒಪ್ಪಿಕೊಂಡ ಗಡುವಿನೊಳಗೆ ಮುಗಿಸಿದರೆ ಯಾರೂ ಒಂದು ಒಳ್ಳೇ ಮಾತು ಆಡಲ್ಲ. ಒಂದು ಟಿಕೆಟ್ ರೆಡ್ ಆದರೆ ಇಡೀ ಫ್ಲೋರಿಗೆ ಗೊತ್ತಾಗುತ್ತದೆ. ಆ ಸಲ ಬಂದಿದ್ದು 'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್'. ಬಾಹ್ಯಾಕಾಶದ ಒಂದು ಸ್ಟೇಷನ್‌ನಲ್ಲಿ ನಡೆಯುವ ಕಥೆ, 1993ರಿಂದ 1999ರವರೆಗೆ ಬಂದ ಸೀರೀಸ್, ಏಳು ಸೀಸನ್, 170ಕ್ಕೂ ಜಾಸ್ತಿ ಎಪಿಸೋಡ್.

ಅದರಲ್ಲಿ ಡ್ಯಾಕ್ಸ್ ಅಂತ ಒಂದು ಪಾತ್ರ ಇದೆ. ಟ್ರಿಲ್ ಅನ್ನುವ ಅನ್ಯಗ್ರಹದ ಜನ. ಅವರಲ್ಲಿ ಕೆಲವರ ಹೊಟ್ಟೆಯೊಳಗೆ ಹುಳುವಿನಂಥ ಇನ್ನೊಂದು ಜೀವ ಇರುತ್ತದೆ. ದೇಹ ಸತ್ತರೆ ಆ ಜೀವವನ್ನು ತೆಗೆದು ಇನ್ನೊಬ್ಬರೊಳಗೆ ಇಡುತ್ತಾರೆ, ಹಳೇ ನೆನಪುಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ಮೊದಲ ಆರು ಸೀಸನ್ ಜಾಡ್ಝಿಯಾ ಡ್ಯಾಕ್ಸ್, ಮಾಡಿದ್ದು ಟೆರ್ರಿ ಫ್ಯಾರೆಲ್. ಏಳನೇದರಲ್ಲಿ ಎಜ್ರಿ ಡ್ಯಾಕ್ಸ್, ಮಾಡಿದ್ದು ನಿಕೋಲ್ ಡಿ ಬೋರ್. ನಡುವೆ ನಾಲ್ಕನೇ ಸೀಸನ್‌ನಲ್ಲಿ ವೋರ್ಫ್ ಅನ್ನುವ ಅಧಿಕಾರಿ ಬರುತ್ತಾನೆ. ಆರನೇದರಲ್ಲಿ ವೋರ್ಫ್‌ಗೂ ಜಾಡ್ಝಿಯಾಗೂ ಮದುವೆ. ಅದೇ ಸೀಸನ್‌ನ ಕೊನೇ ಎಪಿಸೋಡ್‌ನಲ್ಲಿ ಅವಳು ಸಾಯುತ್ತಾಳೆ. ಫ್ಯಾರೆಲ್ ಅವರ ಆರು ವರ್ಷದ ಒಪ್ಪಂದ ಮುಗಿದಿತ್ತು, ಮುಂದಿನದಕ್ಕೆ ಮಾತು ಕುದುರಲಿಲ್ಲ, ಅವರು 1998ರಲ್ಲಿ 'ಬೆಕರ್' ಅನ್ನುವ ಕಾಮಿಡಿ ಸೀರೀಸ್‌ಗೆ ಹೋದರು. ಹೊಟ್ಟೆಯೊಳಗಿದ್ದ ಡ್ಯಾಕ್ಸ್ ಮಾತ್ರ ಇಲ್ಲೇ ಉಳಿಯಿತು.

ಈ ವಿಷಯ ನಮ್ಮ ಕ್ಯಾಂಟೀನ್‌ನಲ್ಲಿ ದಿನಾ ಊಟದ ಹೊತ್ತಿಗೆ ಕುದಿಯುತ್ತಿತ್ತು. ಮೂರು ಜನ ಹುಚ್ಚರಿದ್ದಾರೆ ನಮ್ಮಲ್ಲಿ. ಕ್ಯೂಸಿಯ ಹುಡುಗ ಒಬ್ಬ, ಆರ್ಟ್‌ವರ್ಕ್‌ನ ಹುಡುಗಿ ಒಬ್ಬಳು, ಆಡಿಯೋ ಸೈಡಿನ ಹಿರಿಯರೊಬ್ಬರು. ಹಿರಿಯರು ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಮೊದಲಿನ ಸ್ಟಾರ್ ಟ್ರೆಕ್ ನೋಡಿ ಬೆಳೆದವರು, ಆ ಹೆಮ್ಮೆ ಅವರಿಗೆ ಇನ್ನೂ ಇಳಿದಿಲ್ಲ. ಹುಡುಗಿಯ ವಾದ: ವೋರ್ಫ್‌ನ ಜೊತೆ ಕಳೆದ ಪ್ರತಿ ದಿನವೂ ಎಜ್ರಿಗೆ ನೆನಪಿದೆ, ಮತ್ತೆ ಅವಳು ಹೆಂಡತಿ ಅಲ್ಲದೆ ಇನ್ನೇನು? ಹುಡುಗ ಒಪ್ಪಲ್ಲ. ಹಿಂದಿನ ಜನ್ಮದ ಸಂಬಂಧ ಮತ್ತೆ ಹಚ್ಚಿಕೊಳ್ಳೋದು ಟ್ರಿಲ್‌ಗಳಲ್ಲಿ ಮಹಾ ನಿಷಿದ್ಧ, 1995ರ 'ರಿಜಾಯಿನ್ಡ್' ಎಪಿಸೋಡ್ ನಿಂತಿರೋದೇ ಅದರ ಮೇಲೆ, ಅಲ್ಲಿ ಜಾಡ್ಝಿಯಾಗೆ ಹಿಂದಿನ ಜನ್ಮದ ಹೆಂಡತಿ ಎದುರಾಗುತ್ತಾಳೆ ಅಂತ ಶುರು ಹಚ್ಚಿಕೊಳ್ಳುತ್ತಾನೆ. ಹಿರಿಯರು ಇನ್ನೂ ಹಿಂದೆ ಹೋಗುತ್ತಾರೆ. 1991ರಲ್ಲೇ ಇನ್ನೊಂದು ಸ್ಟಾರ್ ಟ್ರೆಕ್ ಸೀರೀಸ್ 'ನೆಕ್ಸ್ಟ್ ಜನರೇಷನ್'ನಲ್ಲಿ ಡಾಕ್ಟರ್ ಕ್ರಷರ್ ಒಬ್ಬ ಟ್ರಿಲ್‌ನನ್ನು ಪ್ರೀತಿಸಿ, ಆ ಜೀವ ಹೆಣ್ಣಿನ ದೇಹಕ್ಕೆ ಹೋದಮೇಲೆ ತನ್ನಿಂದ ಆಗಲ್ಲ ಅಂದುಬಿಡುತ್ತಾಳೆ, ಪ್ರಶ್ನೆ ಅವತ್ತೇ ಎದ್ದಿತ್ತು ಕಣ್ರೋ ಅಂತ. ಆಮೇಲೆ ಮಾತು ಕಾಸ್ಟಿಂಗ್‌ಗೆ ತಿರುಗುತ್ತದೆ. ಡಿ ಬೋರ್‌ಗೆ ಸಿಕ್ಕಿದ್ದು ಒಂದೇ ಸೀಸನ್, ಅಷ್ಟರಲ್ಲಿ ಜನ ಇಷ್ಟಪಡಬೇಕು ಅಂದ್ರೆ ಹೆಂಗೆ ಅಂತ ಒಬ್ಬರು. ಜಾಡ್ಝಿಯಾಳ ಜಾಗ ತುಂಬೋಕೆ ಅವಸರದಲ್ಲಿ ತಂದಿದ್ದು ಎದ್ದು ಕಾಣುತ್ತೆ ಅಂತ ಇನ್ನೊಬ್ಬರು. ಸ್ಟೇಷನ್ನಿನ ಡಾಕ್ಟರ್ ಬಷೀರ್, ಅಲ್ಲಿನ ದರ್ಜಿ ಗ್ಯಾರಕ್, ಈ ಜೋಡಿಯ ಅಭಿಮಾನಿ ಬಳಗ ಬೇರೆ ಇದೆ, ಅದಕ್ಕೆ ನಮ್ಮ ಹುಡುಗಿಯೇ ಅಧ್ಯಕ್ಷೆ. ಗ್ಯಾರಕ್ ಮಾಡಿದ ಆಂಡ್ರ್ಯೂ ರಾಬಿನ್ಸನ್ ಅವರೇ, ಮೊದಲ ಭೇಟಿಯಲ್ಲಿ ಅವನಿಗೆ ಬಷೀರ್ ಮೇಲೆ ಆಕರ್ಷಣೆ ಇತ್ತು ಅಂದುಕೊಂಡೇ ಅಭಿನಯಿಸಿದೆ ಅಂತ ಹೇಳಿಕೊಂಡಿದ್ದಾರೆ, ಹಾಗಾಗಿ ಅವಳಿಗೆ ಸೋಲೇ ಇಲ್ಲ.

ನಾನು ಮೊಸರನ್ನ ಕಲಸಿಕೊಂಡು ಫೋನ್ ನೋಡುತ್ತಾ ಕೂತಿರುತ್ತಿದ್ದೆ. ಟೈಮ್‌ಪಾಸ್ ಮಾತು ಅಂತ ನನ್ನ ಲೆಕ್ಕ.

ನಾನು ಬೆಳೆದಿದ್ದು ಕನ್ನಡ ಸೀರಿಯಲ್ ನೋಡಿಕೊಂಡು. ನಮ್ಮಲ್ಲಿ ಇದ್ದಕ್ಕಿದ್ದಂತೆ ಸೊಸೆಯ ಮುಖ ಬದಲಾಗುತ್ತದೆ. 'ಇನ್ನು ಮುಂದೆ ಈ ಪಾತ್ರದಲ್ಲಿ ಇವರು' ಅಂತ ಕೆಳಗೊಂದು ಪಟ್ಟಿ ಬಂದರೆ ಅದೇ ಹೆಚ್ಚು. ಅತ್ತೆ ಅದೇ ಅತ್ತೆ, ಗಂಡ ಅದೇ ಗಂಡ, ನಿನ್ನೆ ಅರ್ಧಕ್ಕೆ ನಿಂತ ಜಗಳ ಇವತ್ತು ಹೊಸ ಮುಖದ ಜೊತೆ ಮುಂದುವರಿಯುತ್ತದೆ. ಮನೆಯಲ್ಲಿ ಎರಡು ದಿನ ಗೊಣಗುತ್ತಾರೆ, ಮೂರನೇ ದಿನ ಮರೆಯುತ್ತಾರೆ. ಅದರ ಜೊತೆಗೆ ನಮ್ಮ ಸ್ಟೈಲ್ ಗೈಡ್‌ನಲ್ಲಿ ಒಂದು ರೂಲ್ ಇದೆ: ನಟ ಬದಲಾದರೂ ಪಾತ್ರ ಒಂದೇ ಆಗಿದ್ದರೆ ಐಡಿ ಒಂದೇ. ಆ ರೂಲ್ ಹುಟ್ಟಿದ್ದು 'ಡಾಕ್ಟರ್ ಹೂ' ಅನ್ನುವ ಬ್ರಿಟಿಷ್ ಸೀರೀಸ್‌ಗಾಗಿ. 1966ರಲ್ಲಿ ಡಾಕ್ಟರ್ ಪಾತ್ರ ಮಾಡುತ್ತಿದ್ದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೈಕೊಟ್ಟಾಗ ಬಿಬಿಸಿಯವರು ಡಾಕ್ಟರ್‌ನ ದೇಹವನ್ನೇ ಬದಲಿಸಿ ಪ್ಯಾಟ್ರಿಕ್ ಟ್ರೌಟನ್ ಅವರನ್ನು ತಂದರು. ಅವತ್ತಿನಿಂದ ಯಾರು ಬಂದರೂ ಹೋದರೂ ಡಾಕ್ಟರ್ ಒಬ್ಬನೇ. ಡ್ಯಾಕ್ಸ್ ಕೂಡ ಹಂಗೇ ಅಲ್ವಾ? ದೇಹ ಬೇರೆ, ನೆನಪು ಒಂದೇ.

ಪೋರ್ಟಲ್‌ನಲ್ಲಿ ಇಬ್ಬರು ಡ್ಯಾಕ್ಸ್‌ಗಳು ಎರಡು ಸಾಲಾಗಿ ಕೂತಿದ್ದರು. ಡೂಪ್ಲಿಕೇಟ್ ವಾರ್ನಿಂಗ್ ಹಳದಿ ಬಣ್ಣದಲ್ಲಿ ಮಿಣಮಿಣ ಅನ್ನುತ್ತಿತ್ತು. ಅದು ಇರುವ ತನಕ ಬ್ಯಾಚ್ ಗ್ರೀನ್ ಆಗಲ್ಲ. ಸಂಜೆಯ ಹೊತ್ತು, ಕ್ಯಾಬ್ ರೋಸ್ಟರ್ ಬಂದಾಗಿತ್ತು. ಎರಡನ್ನೂ ಒಂದೇ ಮಾಡುವ ಮರ್ಜ್ ಬಟನ್ ಒತ್ತಿದೆ. 'ವೋರ್ಫ್ – ಹೆಂಡತಿ' ಅಂತ ರಿಲೇಷನ್ ಹಾಕಿದೆ. ವಾರ್ನಿಂಗ್ ಹೋಯಿತು, ಬ್ಯಾಚ್ ಹಸಿರಾಯಿತು. ಖುಷಿಯಲ್ಲಿ ಒಂದು ಕಾಫಿ ಬೇರೆ ಕುಡಿದೆ.

ಆ ರಾತ್ರಿ ಕ್ಲೈಂಟ್ ಜೊತೆ ಪ್ರಿವ್ಯೂ ಕಾಲ್. ಹನ್ನೆರಡಕ್ಕೆ ಪುಶ್, ಅಂದರೆ ಬ್ಯಾಚ್ ಲೈವ್ ಆಗೋದು. ಸ್ಕ್ರೀನ್ ಶೇರ್ ಮಾಡಿದ್ದು ನಾನೇ. ಆ ಕಡೆ ಇದ್ದವರು ಶಿಸ್ತಿನ ಹೆಂಗಸು, ಜಾಸ್ತಿ ಮಾತಿಲ್ಲ. ಮೊದಲ ಸೀಸನ್, ಮೊದಲ ಎಪಿಸೋಡ್ ಹಾಕಿ ಅಂದರು. ಹಾಕಿದೆ. ಜಾಡ್ಝಿಯಾ ಬರುವ ಸೀನ್‌ನಲ್ಲಿ ನಿಲ್ಲಿಸಿ ಅಂದರು. ನಿಲ್ಲಿಸಿದೆ. ಪಕ್ಕದಲ್ಲಿ ಪ್ಯಾನೆಲ್ ತೆರೆದುಕೊಂಡಿತು.

ಸ್ಕ್ರೀನ್ ಮೇಲೆ ಟೆರ್ರಿ ಫ್ಯಾರೆಲ್, ಎತ್ತರದ ಹೆಂಗಸು, ಉದ್ದ ಕೂದಲು ಹಿಂದಕ್ಕೆ ಕಟ್ಟಿಕೊಂಡಿದ್ದಾರೆ, ಹಣೆಯ ಅಂಚಿನಿಂದ ಕುತ್ತಿಗೆಯವರೆಗೆ ಚುಕ್ಕಿಗಳ ಸಾಲು. ಪ್ಯಾನೆಲ್‌ನಲ್ಲಿ ಮೋಟುಗೂದಲ ನಿಕೋಲ್ ಡಿ ಬೋರ್ ಫೋಟೋ. ಕೆಳಗೆ 'ಡ್ಯಾಕ್ಸ್'. ಅದರ ಕೆಳಗೆ 'ವೋರ್ಫ್‌ನ ಹೆಂಡತಿ'. ವೋರ್ಫ್ ಈ ಸ್ಟೇಷನ್‌ಗೆ ಕಾಲಿಡೋಕೆ ಇನ್ನೂ ಮೂರು ಸೀಸನ್ ಬಾಕಿ.

ಯಾರೂ ಮಾತಾಡಲಿಲ್ಲ. ನನಗೆ ಮೊದಲು ಬಂದ ಯೋಚನೆ, ಇದು ಕ್ಯಾಶ್ ಸಮಸ್ಯೆ ಇರಬೇಕು ಅಂತ. ರಿಫ್ರೆಶ್ ಮಾಡಿದೆ. ಅದೇ ಮುಖ. ಮರ್ಜ್ ಆದಾಗ ಕೊನೇ ಸೀಸನ್‌ನ ಫೋಟೋ ಎಲ್ಲ ಎಪಿಸೋಡ್‌ಗೂ ಹೋಗುತ್ತದೆ ಅನ್ನೋದು ನಮ್ಮ ಟ್ರೇನಿಂಗ್‌ನಲ್ಲಿ ಯಾರೂ ಹೇಳಿರಲಿಲ್ಲ. ಆ ಹೆಂಗಸು ತಣ್ಣಗೆ ಕೇಳಿದರು: "ಹಾಗಾದರೆ ಮೊದಲ ಸಲ ನೋಡುವವರಿಗೆ ಮದುವೆ ಯಾರ ಜೊತೆ, ಸಾಯೋದು ಯಾರು, ಎರಡನ್ನೂ ಮೊದಲ ಎಪಿಸೋಡ್‌ನಲ್ಲೇ ಹೇಳಿಬಿಡೋದು ನಿಮ್ಮ ಪ್ಲಾನಾ?" ನನ್ನ ಬಾಯಿ ಒಣಗಿತು. ಚೆಕ್ ಮಾಡಿ ಹೇಳ್ತೀನಿ ಅಂದೆ. ಸರಿ, ಹನ್ನೆರಡಕ್ಕೆ ಮುಂಚೆ ಹೇಳಿ ಅಂದು ಕಾಲ್ ಇಟ್ಟರು. ಆಗ ಗಂಟೆ ಹತ್ತೂ ಮುಕ್ಕಾಲು.

ಅನ್‌ಡೂ ಹುಡುಕಿದೆ. ಮರ್ಜ್‌ಗೆ ಅನ್‌ಡೂ ಇಲ್ಲ. ಬಟನ್ ಒತ್ತೋಕೆ ಯಾರ ಅಪ್ರೂವಲ್ಲೂ ಬೇಡ, ಬಿಚ್ಚೋಕೆ ಟೂಲ್ಸ್ ಟೀಮ್‌ಗೆ ಟಿಕೆಟ್ ಹಾಕಬೇಕು, ಅವರ ಟರ್ನ್‌ಅರೌಂಡ್ ಎರಡು ವರ್ಕಿಂಗ್ ಡೇ. ಇದನ್ನು ಡಿಸೈನ್ ಮಾಡಿದವರಿಗೆ ದೇವರು ಒಳ್ಳೇದು ಮಾಡಲಿ. ಪುಶ್ ನಿಲ್ಲಿಸೋಕೆ ಲೀಡ್ ಹೋಲ್ಡ್ ಹಾಕಬೇಕು. ಲೀಡ್ ಸಿಲ್ಕ್ ಬೋರ್ಡ್ ಹತ್ತಿರ ಕ್ಯಾಬ್‌ನಲ್ಲಿ, ಫೋನ್ ಸ್ವಿಚ್ ಆಫ್.

ಕ್ಯೂಸಿ ಹುಡುಗ ಇನ್ನೂ ಫ್ಲೋರ್‌ನಲ್ಲಿದ್ದ. ಬಂದು ನನ್ನ ಸ್ಕ್ರೀನ್ ನೋಡಿದ. ನಗಲಿಲ್ಲ, ಅದು ದೊಡ್ಡದು.

"ಇಬ್ಬರನ್ನೂ ಯಾಕಕ್ಕಾ ಒಂದು ಮಾಡಿದ್ರಿ?"

"ಡಾಕ್ಟರ್ ರೂಲ್ ಪ್ರಕಾರ ಮಾಡಿದೆ ಕಣೋ. ನೆನಪು ಒಂದೇ ಅಲ್ವಾ?"

"ಅಯ್ಯೋ ಅಕ್ಕಾ, ಇದಕ್ಕೆ ಕೋರ್ಟ್ ಕೇಸೇ ಆಗಿದೆ."

ತಮಾಷೆ ಮಾಡ್ತಿದ್ದಾನೆ ಅಂದುಕೊಂಡೆ. ನಿಜವಾಗಿ ಆಗಿದೆ. ಮೊದಲ ಸೀಸನ್‌ನಲ್ಲೇ 'ಡ್ಯಾಕ್ಸ್' ಅಂತಲೇ ಹೆಸರಿರುವ ಎಪಿಸೋಡ್. ಜಾಡ್ಝಿಯಾಗಿಂತ ಮುಂಚೆ ಆ ಜೀವ ಕರ್ಜನ್ ಅನ್ನುವವನೊಳಗೆ ಇತ್ತು. ಕರ್ಜನ್ ಮಾಡಿದ ಅಂತ ಹೇಳಲಾದ ಅಪರಾಧಕ್ಕೆ ಜಾಡ್ಝಿಯಾಳನ್ನು ಎಳೆದುಕೊಂಡು ಹೋಗೋಕೆ ಬರುತ್ತಾರೆ. ಇವಳು ಅವನೇನಾ ಅನ್ನೋದೇ ಇಡೀ ವಿಚಾರಣೆ. ಸ್ಟೇಷನ್ನಿನ ಮುಖ್ಯಸ್ಥ ಸಿಸ್ಕೋ ಇವಳ ಪರವಾಗಿ ನಿಲ್ಲುತ್ತಾನೆ. ಕೊನೆಗೆ ಆ ಹೊತ್ತಲ್ಲಿ ಕರ್ಜನ್ ಬೇರೆ ಕಡೆ ಇದ್ದ ಅಂತ ಸಾಕ್ಷಿ ಸಿಕ್ಕಿ ಕೇಸು ಬಿದ್ದುಹೋಗುತ್ತದೆ, ಮೂಲ ಪ್ರಶ್ನೆಗೆ ಮಾತ್ರ ತೀರ್ಪೇ ಬರಲ್ಲ. "ಸೀರೀಸ್ ಬರೆದವರೇ ಒಬ್ಬರು ಅಂತ ಹೇಳೋಕೆ ಧೈರ್ಯ ಮಾಡಲಿಲ್ಲ," ಅಂದ ಹುಡುಗ. "ನೀವು ಒಂದು ಕ್ಲಿಕ್‌ನಲ್ಲಿ ಮುಗಿಸಿಬಿಟ್ರಿ."

ಆಮೇಲೆ ಅವನು ತನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಶೀಟ್ ತೆಗೆದ. ಶೀಟ್ ಆಫೀಸಿನದಲ್ಲ, ಅವನ ಸ್ವಂತದ್ದು, ಸುಮ್ನೆ ಖುಷಿಗೆ ಮಾಡಿಕೊಂಡಿದ್ದು. ಎಪಿಸೋಡ್ ಒಂದೊಂದು ಸಾಲು. ಫ್ಯಾರೆಲ್ ಇದ್ದಲ್ಲಿ ಹಳದಿ, ಡಿ ಬೋರ್ ಇದ್ದಲ್ಲಿ ಹಸಿರು. ಕೊನೇ ಕಾಲಂನಲ್ಲಿ ಆ ಎಪಿಸೋಡ್ ಮುಗಿಯುವ ಹೊತ್ತಿಗೆ ಯಾರಿಗೆ ಯಾರು ಏನಾಗಿರುತ್ತಾರೆ ಅಂತ. ವೋರ್ಫ್ ಎಜ್ರಿಯನ್ನು ಕಂಡರೆ ತಪ್ಪಿಸಿಕೊಂಡು ಓಡಾಡುವ ಎಪಿಸೋಡ್‌ಗಳು, ಇಬ್ಬರೂ ಹತ್ತಿರವಾಗಿ ಇದು ಪ್ರೀತಿಯಲ್ಲ ಅಂತ ಅರ್ಥ ಮಾಡಿಕೊಳ್ಳುವ ಎಪಿಸೋಡ್‌ಗಳು, ಎಜ್ರಿ ಬಷೀರ್ ಕಡೆ ವಾಲುವ ಎಪಿಸೋಡ್‌ಗಳು, ಎಲ್ಲ ಇತ್ತು. ಕ್ಯಾಂಟೀನ್‌ನಲ್ಲಿ ಜಗಳ ಆದಾಗಲೆಲ್ಲ ಅಪ್‌ಡೇಟ್ ಮಾಡ್ತೀನಿ ಅಂದ.

ಮರ್ಜ್ ಬಿಚ್ಚೋಕೆ ಆಗಲ್ಲ, ಆದರೆ ಹೊಸ ಐಡಿ ಮಾಡೋಕೆ ಯಾರ ಅಪ್ಪಣೆಯೂ ಬೇಡ. ಇಬ್ಬರಿಗೂ ಹೊಸ ಐಡಿ ಮಾಡಿದೆವು. ಅವನು ಶೀಟ್ ಓದಿದ, ನಾನು ಬಲ್ಕ್ ಅಪ್‌ಲೋಡ್ ಫೈಲ್ ಕಟ್ಟಿದೆ. ಕೊನೇ ಎಪಿಸೋಡ್‌ಗೆ ನಾನು ಫ್ಯಾರೆಲ್ ಹೆಸರನ್ನೂ ಹಾಕಹೊರಟೆ. ಹಳೇ ದೃಶ್ಯಗಳ ಜೋಡಣೆ ಇದೆ ಅಂತ ಗೊತ್ತಿತ್ತು, ಆರು ವರ್ಷ ಇದ್ದವಳು ಬಂದೇ ಬರುತ್ತಾಳೆ ಅಂದುಕೊಂಡೆ. ಅವನು ನನ್ನ ಕೈ ಹಿಡಿದು ನಿಲ್ಲಿಸಿದ. ಆ ಜೋಡಣೆಯಲ್ಲಿ ಎಲ್ಲರೂ ಇದ್ದಾರೆ, ಜಾಡ್ಝಿಯಾ ಒಂದು ಫ್ರೇಮ್‌ನಲ್ಲೂ ಇಲ್ಲ. ಆ ನೋವು ಅಭಿಮಾನಿಗಳಿಗೆ ಇವತ್ತಿಗೂ ಇದೆಯಂತೆ. ಅವನ ಮುಖ ನೋಡಿದರೆ ಅಂತೆ ಅನ್ನೋ ಅಗತ್ಯವೂ ಇರಲಿಲ್ಲ.

ಹನ್ನೊಂದೂ ಐವತ್ತಕ್ಕೆ ಅಪ್‌ಲೋಡ್ ಪಾಸ್ ಆಯಿತು. ರಿಲೇಷನ್ ಫೀಲ್ಡ್ ಖಾಲಿ ಬಿಟ್ಟೆವು. ಮೇಲ್ ಹಾಕಿದೆ. ಆ ಹೆಂಗಸಿನಿಂದ ಒಂದೇ ಸಾಲಿನ ಉತ್ತರ: ಸರಿ ಇದೆ, ಮುಂದುವರಿಸಿ. ಅದಾದ ಐದು ನಿಮಿಷಕ್ಕೆ ಲೀಡ್ ಫೋನ್ ಮಾಡಿ ಏನಾದ್ರೂ ಅರ್ಜೆಂಟ್ ಇತ್ತಾ ಅಂತ ಕೇಳಿದರು.

ಮಾರನೇ ವಾರ ಆರ್‌ಸಿಎ, ಅಂದರೆ ತಪ್ಪಿನ ಮೂಲ ಹುಡುಕುವ ಮೀಟಿಂಗ್. ರೂಟ್ ಕಾಸ್ ಅಂತ ಬರೆದಿದ್ದು 'ಹ್ಯೂಮನ್ ಎರರ್'. ಅನ್‌ಡೂ ಇಲ್ಲದ ಟೂಲ್‌ಗೆ ಏನೂ ಆಗಲಿಲ್ಲ. ಹುಡುಗನ ಹೆಸರು ಡೆಕ್‌ನಲ್ಲಿ ಎಲ್ಲೂ ಬರಲಿಲ್ಲ, ನಾನು ಹಾಕಿದ ಸಾಲನ್ನು ಸ್ಲೈಡ್ ಜಾಸ್ತಿ ಆಯ್ತು ಅಂತ ಯಾರೋ ತೆಗೆದರು. ಅದರ ಮೇಲೆ, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಪರ್ಸನಲ್ ಶೀಟ್ ಇಟ್ಟುಕೊಳ್ಳಬಾರದು ಅಂತ ಅವನಿಗೆ ಒಂದು ರಿಮೈಂಡರ್ ಮೇಲ್ ಬೇರೆ ಬಂತು.

ಈಗ ನಾನು ಮಾಡೋದು ಇಷ್ಟು. ಸಂಜೆ ಮೇಲೆ ಮರ್ಜ್ ಮುಟ್ಟಲ್ಲ. ರಿಲೇಷನ್ ಫೀಲ್ಡ್ ತುಂಬಲ್ಲ, ಯಾರು ಎಷ್ಟೇ ಫಾಲೋಅಪ್ ಮಾಡಲಿ. ಮತ್ತೆ ಊಟಕ್ಕೆ ಫೋನ್ ತಗೊಂಡು ಹೋಗಲ್ಲ. ಒಂದೇ ಊಟದ ಹೊತ್ತಲ್ಲಿ ಆ ಮೂವರು, 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ'ದ 1978ರ ಸ್ಟಾರ್‌ಬಕ್ ಡರ್ಕ್ ಬೆನೆಡಿಕ್ಟ್, 2003ರ ಸ್ಟಾರ್‌ಬಕ್ ಕೇಟೀ ಸ್ಯಾಕಾಫ್, ಹೆಸರೊಂದೇ, ಪಾತ್ರ ಬೇರೆ; 'ಸ್ಟಾರ್‌ಗೇಟ್'ನಲ್ಲಿ ಡೇನಿಯಲ್ ಜಾಗಕ್ಕೆ ಬಂದ ಜೋನಸ್ ಪೂರ್ತಿ ಹೊಸಬ, ಬರೀ ಕುರ್ಚಿ ಅದೇ ಅಂತ ಬಿಡಿಸಿ ಹೇಳಿದರು. ನಮ್ಮ ಸ್ಟೈಲ್ ಗೈಡ್‌ನಲ್ಲಿ ಇದ್ಯಾವುದೂ ಇಲ್ಲ.

ಮೊನ್ನೆ 'ಆರ್ಫನ್ ಬ್ಲ್ಯಾಕ್' ಬ್ಯಾಚ್ ಬಂದಿದೆ. ಕ್ಲೋನ್‌ಗಳ ಕಥೆ, ಐದು ಸೀಸನ್. ಟಟಿಯಾನಾ ಮಸ್ಲಾನಿ ಒಬ್ಬರೇ ಸಾರಾ, ಆಲಿಸನ್, ಕೊಸಿಮಾ, ಹೆಲೆನಾ, ರೇಚಲ್ ಎಲ್ಲ ಮಾಡಿದ್ದಾರೆ, ಒಂದೇ ಫ್ರೇಮ್‌ನಲ್ಲಿ ಮೂರು ಮೂರು ಜನ ಕೂತಿರುತ್ತಾರೆ. ಒಂದು ಎಪಿಸೋಡ್‌ಗೆ ಒಬ್ಬ ನಟಿಯ ಹೆಸರು ಒಂದೇ ಸಲ ಹಾಕೋಕೆ ನಮ್ಮ ಟೂಲ್ ಬಿಡೋದು. ಐದು ಜನರೂ ಡೂಪ್ಲಿಕೇಟ್ ಅಂತ ತೋರಿಸುತ್ತಿದೆ. ಲೀಡ್‌ಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಮರ್ಜ್ ಮಾಡಿಬಿಡಿ" ಅಂದರು.