ಕೆಎ 05 ಕೆಕೆ: ಮೂರು ಕೆ ಇರುವ ಪದ ಕೊನೆಗೂ ಸಿಕ್ಕಿತು

ನಿನ್ನೆ ರಾತ್ರಿ ಹನ್ನೊಂದೂವರೆಗೆ, ನಮ್ಮ ನಂಬರ್ ಪ್ಲೇಟ್ ಆಟಕ್ಕೆ ನಾನು ಮಾಡಿದ ಯಂತ್ರದ ಪುಟ್ಟ ಪರದೆ ಮೇಲೆ ಸರಿಯಾದ ಉತ್ತರ ಬಂತು. ಮೂರು ವಾರದಿಂದ ಕಾಡಿದ ತೊಂದರೆ ಇದು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಆಟ ಇಷ್ಟೇ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಮುಂದಿನ ಗಾಡಿಯ ನಂಬರ್ ಪ್ಲೇಟ್ ನೋಡಬೇಕು. ಕೆ, ಎ, ಜೊತೆಗೆ ಸೀರೀಸ್‌ನ ಎರಡು ಅಕ್ಷರ. ಈ ನಾಲ್ಕೂ ಇರುವ ಇಂಗ್ಲಿಷ್ ಪದ ಹೇಳಬೇಕು. ಚಿಕ್ಕ ಪದ ಹೇಳಿದವರಿಗೆ ಗೆಲುವು. ಎಂಆರ್ ಬಂದರೆ ಮಾರ್ಕ್, ಎನ್‌ಬಿ ಬಂದರೆ ಬ್ಯಾಂಕ್. ಕ್ಯೂಎಸ್ ಬಂದ ದಿನ ನಮ್ಮ ಮಾವ ತಟ್ಟನೆ ಸ್ಕ್ವಾಕ್ ಅಂದರು. ನಾನೂ ಮಗಳೂ ಬಾಯಿ ಬಿಟ್ಟು ನೋಡಿದೆವು. ಈ ಆಟಕ್ಕೆ ತೀರ್ಪು ಹೇಳುವ ಯಂತ್ರ ಮಾಡಬೇಕು ಅನ್ನಿಸಿದ್ದು ಅವತ್ತೇ.

ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಓಎಲ್‌ಇಡಿ ಪರದೆ, ನಾಲ್ಕು ಬಟನ್. ಪದಗಳಿಗೆ ಎನೇಬಲ್ ಅನ್ನುವ ಇಂಗ್ಲಿಷ್ ಪದಪಟ್ಟಿ, ಸುಮಾರು 1 ಲಕ್ಷ 72 ಸಾವಿರ ಪದ. ಚಿಕ್ಕವು ಮೊದಲು ಬರುವ ಹಾಗೆ ಜೋಡಿಸಿದೆ. ಬೆಸುಗೆ, ಡಬ್ಬಿ ಎಲ್ಲಾ ನಿಮಗೆ ಗೊತ್ತಿರುವುದೇ, ಬಿಟ್ಟುಬಿಡ್ತೀನಿ.

ಮೊದಲು ಎಲ್ಲರೂ ಮಾಡುವಂತೆ ಬಿಟ್ ಮಾಸ್ಕ್ ಮಾಡಿದೆ: ಒಂದೊಂದು ಅಕ್ಷರಕ್ಕೆ ಒಂದು ಬಿಟ್, ಅಕ್ಷರ ಪದದಲ್ಲಿದ್ದರೆ 1, ಇಲ್ಲದಿದ್ದರೆ 0. 26 ಅಕ್ಷರ 32 ಬಿಟ್‌ನಲ್ಲಿ ಆರಾಮಾಗಿ ಕೂರುತ್ತವೆ. ಪದದ ಮಾಸ್ಕ್, ಪ್ಲೇಟ್‌ನ ಮಾಸ್ಕ್, ಎರಡರಲ್ಲೂ 1 ಇರುವ ಬಿಟ್ ಹೆಕ್ಕುವ ಒಂದು ಆಂಡ್ ಲೆಕ್ಕ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಜಯನಗರದ ಒಂದು ಸ್ಕೂಟರ್ ಎದುರಾಗುವ ತನಕ ಎಲ್ಲಾ ಚೆನ್ನಾಗಿತ್ತು. ಕೆಎ 05 ಕೆಕೆ. ಮಗಳು ಬಟನ್ ಒತ್ತಿದಳು. ಪರದೆ ಮೇಲೆ ಎರಡೇ ಅಕ್ಷರ ಬಂತು: ಕೆ-ಎ.

"ಅಮ್ಮಾ, ಇದು ನಂಬರ್ ಪ್ಲೇಟ್‌ನೇ ತೋರಿಸ್ತಿದೆ!"

ಅದು ಪ್ಲೇಟ್ ಅಲ್ಲ, ಪಟ್ಟಿಯಲ್ಲಿ ನಿಜಕ್ಕೂ ಇರುವ ಪದ. ಪ್ರಾಚೀನ ಈಜಿಪ್ಟಿನವರು ಮನುಷ್ಯನ ಒಳಗಿರುವ ಜೀವಶಕ್ತಿಗೆ ಇಟ್ಟ ಹೆಸರು. ಆದರೆ ನಮಗೆ ಬೇಕಿದ್ದು ಮೂರು ಕೆ. ಮಾಸ್ಕ್‌ಗೆ ಒಂದು ಅಕ್ಷರ ಇದೆಯೋ ಇಲ್ಲವೋ ಅಷ್ಟೇ ಗೊತ್ತು, ಎಷ್ಟು ಸಲ ಇದೆ ಅಂತ ಗೊತ್ತಿಲ್ಲ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಮಾವ ನಿಕ್‌ನ್ಯಾಕ್ ಅಂದರು. ಕೆ-ಎನ್-ಐ-ಸಿ-ಕೆ-ಕೆ-ಎನ್-ಎ-ಸಿ-ಕೆ. ನಾಲ್ಕು ಕೆ!

ಮನೆಗೆ ಬಂದವಳೇ ಅವಿಭಾಜ್ಯ ಸಂಖ್ಯೆಗಳ ದಾರಿ ಹಿಡಿದೆ. ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆ. ಜಾಸ್ತಿ ಬಳಕೆಯ ಇ ಅಕ್ಷರಕ್ಕೆ 2, ಟಿಗೆ 3, ಕೊನೆಯ ಝಡ್‌ಗೆ 101. ಪದದ ಅಕ್ಷರಗಳನ್ನೆಲ್ಲಾ ಗುಣಿಸಿಡುವುದು. ಪ್ಲೇಟ್‌ನ ಗುಣಲಬ್ಧ ಅದನ್ನು ಶೇಷವಿಲ್ಲದೆ ಭಾಗಿಸಿದರೆ ಪದ ಸರಿ. ಎಷ್ಟು ಕೆ ಬೇಕೋ ಅಷ್ಟೂ ತಾನಾಗೇ ಲೆಕ್ಕಕ್ಕೆ ಬರುತ್ತವೆ. ಎಷ್ಟು ಚೆಂದದ ಉಪಾಯ ಅಲ್ವಾ?

ಪರೀಕ್ಷೆಗೆ ಅಂತ ಅನ್‌ಕಾಪಿರೈಟಬಲ್ ಪದ ಕೊಟ್ಟೆ. 15 ಅಕ್ಷರ, ಒಂದೂ ಎರಡು ಸಲ ಬರುವುದಿಲ್ಲ. ಪದವೇ ಮಾಯ! ಒಂದೊಂದೇ ಅಕ್ಷರ ಗುಣಿಸಿ ಪ್ರಿಂಟ್ ಮಾಡಿ ನೋಡಿದೆ. ಎಲ್ ತನಕ ಎಲ್ಲಾ ಸರಿ. ಕೊನೆಯ ಇ, ಅಂದರೆ ಬರೀ 2, ಬಂದು ಗುಣಿಸಿದ್ದೇ ತಡ, ಸಂಖ್ಯೆ ಮೈನಸ್‌ಗೆ ಹೋಯಿತು. ನಾನು ಬಳಸಿದ್ದು ಸೈನ್ಡ್ 64 ಬಿಟ್, ಅಂದರೆ ಮೈನಸ್ ಸಂಖ್ಯೆಗೂ ಜಾಗ ಇಡುವ ಬಗೆ. ಅದರಲ್ಲಿ ಹಿಡಿಸುವುದು 922ರ ಮುಂದೆ 16 ಸೊನ್ನೆ ಇಟ್ಟಷ್ಟು. ಈ ಪದದ ಗುಣಲಬ್ಧ 1ರ ಮುಂದೆ 19 ಸೊನ್ನೆಗಿಂತಲೂ ಜಾಸ್ತಿ. ಮೈನಸ್ ಇಲ್ಲದ ಅನ್‌ಸೈನ್ಡ್ ಮಾಡಿದೆ, ಪದ ವಾಪಸ್ ಬಂತು. ಆದರೆ 22 ಅಕ್ಷರದ ಕೌಂಟರ್‌ರೆವಲ್ಯೂಷನರೀಸ್ ಅದನ್ನೂ ಮೀರಿತು. ಉದ್ದದ ಪದಗಳನ್ನು ಕಿತ್ತುಹಾಕಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಪಟ್ಟಿಯಲ್ಲಿರುವ ಪದ ಯಂತ್ರಕ್ಕೆ ಕಾಣಲೇಬೇಕು.

ಆಮೇಲೆ ಮೂರು ಪದರದ ಮಾಸ್ಕ್ ಯೋಚಿಸಿದೆ. ಒಂದಾದರೂ ಇದೆಯಾ, ಎರಡಾದರೂ ಇದೆಯಾ, ಮೂರಾದರೂ ಇದೆಯಾ. ಪದಕ್ಕೆ 12 ಬೈಟ್. ಲೆಕ್ಕ ಪಕ್ಕಾ. ಆದರೆ ಬೋರ್ಡಿನ ಫ್ಲ್ಯಾಶ್, ಅಂದರೆ ಎಲ್ಲಾ ಉಳಿಸಿಡುವ ಮೆಮೊರಿ, ತುಂಬಿಹೋಯಿತು! ಎಸ್.ಪಿ. ರೋಡಿನ ಅಂಗಡಿಯವರು 16 ಎಂಬಿ ಅಂತ ಹೇಳಿ ಕೊಟ್ಟ ಬೋರ್ಡು. ಬೋರ್ಡು ಪರೀಕ್ಷಿಸುವ ಇಎಸ್‌ಪಿಟೂಲ್ ಸಾಫ್ಟ್‌ವೇರ್‌ನಲ್ಲಿ ನೋಡಿದರೆ 4 ಎಂಬಿ. ಬಿಲ್ ಹಿಡಿದು ಹೋದರೆ ಬೆಸುಗೆ ಹಾಕಿದ ಮೇಲೆ ವಾಪಸ್ ಇಲ್ಲ ಅಂದರು. ತುಂಬಾ ಬೇಜಾರಾಯಿತು. ದಯವಿಟ್ಟು ಬೆಸುಗೆಗೆ ಮೊದಲೇ ಫ್ಲ್ಯಾಶ್ ನೋಡಿಕೊಳ್ಳಿ.

ಪದರಗಳ ಬಗ್ಗೆ ಯೋಚಿಸುವಾಗಲೇ ಮುಂದಿನ ಕೆಲಸವೂ ಹೊಳೆಯಿತು. ಇದೇ ಆಟ ಕನ್ನಡದಲ್ಲಿ, ಬಿಎಂಟಿಸಿ ಬಸ್ಸಿನ ಬೋರ್ಡುಗಳ ಜೊತೆ. ಕನ್ನಡಕ ಅನ್ನುವ ಪದದಲ್ಲಿ ಎಷ್ಟು ನ? ಕಿವಿಗೆ ಒಂದು ಒತ್ತಕ್ಷರ. ಕಂಪ್ಯೂಟರ್ ಅಕ್ಷರಗಳಿಗೆ ಬಳಸುವ ಯುನಿಕೋಡ್ ಸಂಕೇತದಲ್ಲಿ ನ, ವಿರಾಮ ಅನ್ನುವ ಅರ್ಧಾಕ್ಷರದ ಚಿಹ್ನೆ, ಮತ್ತೆ ನ. ಸ್ತ್ರೀ ನಮಗೆ ಒಂದೇ ಅಕ್ಷರ, ಕಂಪ್ಯೂಟರ್‌ಗೆ ಆರು ಸಂಕೇತ. ನಾನು ಇಡೀ ಅಕ್ಷರವನ್ನೇ ಎಣಿಸುವವಳು. ಮಕ್ಕಳು ಬಿಡಿಸಿ ಓದುವುದೂ ಹಾಗೇ ತಾನೇ? 26 ಬಿಟ್ ಅಲ್ಲಿ ಯಾವ ಮೂಲೆಗೂ ಸಾಲುವುದಿಲ್ಲ. ಅದನ್ನು ಇನ್ನೊಮ್ಮೆ ಬರೀತೀನಿ.

ದಾರಿ ತೋರಿಸಿದ್ದು ಮಾವ. ಊಟದ ಹೊತ್ತಲ್ಲಿ ನನ್ನ ಹಾಳೆ ನೋಡಿ ಕೇಳಿದರು, "ಕೆ, ಎ ಎರಡೂ ಇರೋ ಪದ ಎಷ್ಟಮ್ಮಾ? ಅಷ್ಟನ್ನೇ ಎಣಿಸಿದ್ರೆ ಸಾಕಲ್ವಾ?"

ಸಾಕು! ಹಳೇ ಮಾಸ್ಕ್ ಒಂದನ್ನೇ ಇಟ್ಟೆ, ಪದಕ್ಕೆ 4 ಬೈಟ್. ಅದು ಜರಡಿ. ಜರಡಿ ದಾಟಿ ಬಂದ ಪದವನ್ನು ಮಾತ್ರ ತೆಗೆದು ಅಕ್ಷರ ಅಕ್ಷರ ಎಣಿಸುವುದು. ಗುಣಾಕಾರ ಇಲ್ಲ, ಉಕ್ಕಿ ಹೋಗುವ ಮಾತೇ ಇಲ್ಲ. ಪಟ್ಟಿ, ಮಾಸ್ಕ್, ಪ್ರೋಗ್ರಾಮ್ ಎಲ್ಲಾ 4 ಎಂಬಿಯೊಳಗೆ ಬಂತು.

ಕೆಎ ಕೆಕೆ ಒತ್ತಿದೆ. ನಿಕ್‌ನ್ಯಾಕ್ ಬರುತ್ತೆ ಅಂತ ಕಾಯುತ್ತಿದ್ದೆ. ಬಂದಿದ್ದು ಕೆ-ಐ-ಸಿ-ಕೆ-ಬಿ-ಎ-ಸಿ-ಕೆ. ಕಿಕ್‌ಬ್ಯಾಕ್!

ಮಾವನನ್ನು ಎಬ್ಬಿಸಲಿಲ್ಲ. ಬೆಳಿಗ್ಗೆ ಕಾಫಿ ಜೊತೆ ಪರದೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬೆರಳು ಮಡಚಿ ಎಣಿಸಿದರು.

"ಎಂಟು. ನಂದು ಹತ್ತು. ಸೋತೆ ಕಣಮ್ಮಾ," ಅಂದರು. ಆಮೇಲೆ ಯಂತ್ರವನ್ನು ಕೈಯಲ್ಲೇ ಇಟ್ಟುಕೊಂಡು ನಮ್ಮ ಬೀದಿಯ ಗಾಡಿಗಳನ್ನೆಲ್ಲಾ ಒಂದೊಂದಾಗಿ ಒತ್ತಿ ನೋಡುತ್ತಾ ಗೇಟಿನ ಹತ್ತಿರ ಹೋದರು.